ನನ್ನ ವೇಷಕ್ಕೆ ಕಲಸಿದ ಬಣ್ಣ

ಮಾನ್ಯ ಅಧ್ಯಕ್ಷರೇ, ಮುಖ್ಯ ಶಿಕ್ಷಕಿಯವರೇ, ವೇದಿಕೆಯ ಮೇಲಿನ ಹಿರಿಯರೇ, ಇನ್ನೂ ವೇಷ ಕಳಚದೆ ಕೂತಿರುವ ಮಕ್ಕಳೇ, ಅವರ ತಂದೆತಾಯಂದಿರೇ, ಸಭಿಕರೇ,

ನಾನು ಬಸ್ಸು ಓಡಿಸುವವಳು. ನಿಮ್ಮಲ್ಲಿ ಅರ್ಧ ಜನ ನನ್ನ ಬೆನ್ನನ್ನು ಚೆನ್ನಾಗಿ ಬಲ್ಲಿರಿ. ಮುಖ ತೋರಿಸಿ ಮಾತಾಡುವುದು ಇದೇ ಮೊದಲು. ದಾರಿ ತಪ್ಪಿದರೆ ಸೀಟಿ ಹೊಡೆಯಿರಿ, ನಿಲ್ಲಿಸುತ್ತೇನೆ.

ಈ ಸಲದ ವೇಷಸ್ಪರ್ಧೆಗೆ 'ನಮ್ಮೂರಿನ ಹೆಮ್ಮೆ' ಎಂಬ ವಿಷಯ ಕೊಟ್ಟಿದ್ದಿರಿ. ಕಡೆಗೆ ಬಂದ ಹುಡುಗಿ ನಾನಾಗಿ ಬಂದಳು. ಖಾಕಿ ಅಂಗಿ, ಕೊರಳಿಗೆ ಕರವಸ್ತ್ರ, ಸ್ಟೀರಿಂಗಿಗೆ ಊಟದ ತಟ್ಟೆ. ತಿರುವಿಗೆ ಮೊದಲು ಎರಡೂ ಕಡೆಯ ಕನ್ನಡಿ ನೋಡಿದಳು. ನಮ್ಮ ಡಿಪೋದ ಎಷ್ಟೋ ಗಂಡಸರು ನೋಡುವುದಿಲ್ಲ! ನೀವು ಚಪ್ಪಾಳೆ ತಟ್ಟಿದಿರಿ. ಆಮೇಲೆ ಅವಳು ಬೆಳಕಿಗೆ ಬಂದಳು. ಮಸಿ ಬಳಿದ ಮುಖ ಕಂಡಿತು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅಧ್ಯಕ್ಷರು ನನ್ನ ಕಡೆ ಬಾಗಿ, "ತಪ್ಪು ತಿಳ್ಕೋಬೇಡಿ ಅಮ್ಮಾ, ಮಕ್ಕಳಾಟ," ಎಂದರು.

ಇದು ಅವಮಾನವೇ? ನನಗಂತೂ ಹಳೆಯ ಅಭ್ಯಾಸ. ನಾನು ಹುಟ್ಟಿದಾಗ ಹಳ್ಳಿಯ ಹೆಂಗಸರು ತೊಟ್ಟಿಲಿಗೆ ಬಗ್ಗಿ, "ಕಪ್ಪಾದರೂ ಕಳೆಯಾಗಿದೆ," ಅಂದರಂತೆ. ನಮ್ಮಜ್ಜಿ, "ಬೆಳ್ಳಗಿರೋಕೆ ಇವಳೇನು ಸುಣ್ಣ ಹೊಡೆದ ಗೋಡೆನೇನ್ರೇ?" ಅಂದಳಂತೆ. ಮುಂದೆ ನನ್ನನ್ನು ಕೇಳಿಕೊಂಡು ಬಂದವರು ನನ್ನ ತಂಗಿಯನ್ನು ಒಪ್ಪಿಕೊಂಡು ಹೋದರು. ಆಗಿನಿಂದ ನನ್ನ ಬಣ್ಣದ ಮೇಲೆ ನಾನೇ ಮೊದಲು ಜೋಕು ಹೇಳಿಬಿಡುತ್ತೇನೆ. ಬೇರೆಯವರಿಗೆ ಬಾಯಿ ತೆರೆಯಲು ಜಾಗ ಉಳಿಯುವುದಿಲ್ಲ. ಡಿಪೋದಲ್ಲೂ ಹೇಳುತ್ತೇನೆ, ಮನೆಯಲ್ಲೂ ಹೇಳುತ್ತೇನೆ. ಮನೆಯಲ್ಲಿ ಮಗಳು ನಗುತ್ತಿದ್ದಳು. ನಗುತ್ತಾಳೆ ಎಂದೇ ತಿಳಿದಿದ್ದೆ.

ನನ್ನ ಮಗಳು ಇದೇ ಶಾಲೆಯಲ್ಲಿ ಐದನೇ ತರಗತಿ. ನನ್ನದೇ ಬಣ್ಣ. ಅಮ್ಮನ ವೇಷ ನಾನೇ ಹಾಕುತ್ತೇನೆ ಎಂದು ಮೊದಲು ಕೈಯೆತ್ತಿದವಳು ಅವಳು. ನನ್ನ ಹಳೆಯ ಅಂಗಿಯನ್ನು ಚಿಕ್ಕದು ಮಾಡಿಸಿಕೊಂಡಿದ್ದಳು. ಟೀಚರು, "ನೀನು ಲೈಟಿಗೆ ಕಾಣಿಸಲ್ಲ ಪುಟ್ಟಾ, ಹಿಂದೆ ನಿಂತು ಪರದೆ ಎಳಿ," ಎಂದರಂತೆ. ಸರಿ, ಪರದೆ ಎಳೆಯುವುದೂ ಕೆಲಸವೇ.

ಹೋದ ವಾರ ಟೀಚರು ಈ ವೇಷದ ಹುಡುಗಿಗೆ ಬಣ್ಣ ಹಚ್ಚಿ ನೋಡಿದರು. ನನ್ನ ಮಗಳನ್ನು ಕರೆದರು. "ಬಾ ಇಲ್ಲಿ, ಇವಳ ಪಕ್ಕ ನಿಂತ್ಕೋ. ನಿನ್ನ ಕೆನ್ನೆ ನೋಡ್ಕೊಂಡು ಕಲಸ್ತೀನಿ." ಮಗಳು ನಿಂತಳು. ಸುತ್ತ ಮಕ್ಕಳ ಗದ್ದಲ. "ಇನ್ನೂ ಹಾಕಿ ಟೀಚರ್, ಇವಳಷ್ಟು ಆಗಿಲ್ಲ!" ಬಣ್ಣ ಹೊಂದುವವರೆಗೂ ಅವಳು ಅಲ್ಲಾಡಲಿಲ್ಲವಂತೆ. ಆಮೇಲೆ ಆ ಹುಡುಗಿ ನಲ್ಲಿಯಲ್ಲಿ ಮುಖ ತೊಳೆದಳು. ಬಣ್ಣವೆಲ್ಲ ಹರಿದುಹೋಯಿತು. ನನ್ನ ಮಗಳು ಅದನ್ನು ನೋಡುತ್ತಿದ್ದಳು.

ಅವತ್ತು ನಾನು ಡ್ಯೂಟಿ ಮುಗಿಸಿ ಬಂದಾಗ ಬಚ್ಚಲಿನ ಬಾಗಿಲು ಹಾಕಿತ್ತು. ಒಳಗಿನಿಂದ ನೆಲ ತೊಳೆಯುವ ಪುಡಿಯ ಘಾಟು.

ಶಾಲೆಗೆ ಜ್ವರವೆಂದು ಹೇಳಿ ಕಳಿಸಿದ್ದೆ. ಜ್ವರವಲ್ಲ, ಸುಟ್ಟಿದೆ. ಎರಡೂ ಕೆನ್ನೆ, ಕತ್ತು. ಒಂದು ಕಣ್ಣಿನ ವಿಷಯ ಡಾಕ್ಟರು ಇನ್ನೂ ಬಾಯಿಬಿಡುತ್ತಿಲ್ಲ.

ಟೀಚರಮ್ಮಾ, ಏಳಬೇಡಿ, ಕೂತುಕೊಳ್ಳಿ. ಮಗೂ, ನೀನೂ ಅಳಬೇಡ. ನೀನು ಚೆನ್ನಾಗಿ ಓಡಿಸಿದೆ, ಬಹುಮಾನ ನಿನ್ನದೇ, ನನ್ನ ಕೈಯಾರೆ ಕೊಡುತ್ತೇನೆ. ಅವಮಾನ ಮಾಡುವ ಮನಸ್ಸು ಯಾರಿಗಿತ್ತು? ಯಾರಿಗೂ ಇರಲಿಲ್ಲ. ಇದ್ದಿದ್ದರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ. ಈಗ ಯಾರದ್ದು ಹಿಡಿಯಲಿ? ಒಂದೇ ಒಂದು ಮಾತು ಕೇಳುತ್ತೇನೆ. ಖಾಕಿ ಕಂಡ ಕೂಡಲೇ ಅದು ನಾನೆಂದು ನಿಮಗೆಲ್ಲ ಗೊತ್ತಾಗಿತ್ತು, ಚಪ್ಪಾಳೆಯೂ ಬಿದ್ದಿತ್ತು. ಆಮೇಲೂ ಮಸಿ ಯಾಕೆ ಬೇಕಿತ್ತು?

ನಾನು ಇವತ್ತು ಬರುವವಳಿರಲಿಲ್ಲ. ಕಳಿಸಿದವಳು ಅವಳೇ. ಬ್ಯಾಂಡೇಜಿನ ಒಳಗಿಂದ, "ಹೋಗಮ್ಮಾ, ಅವಳು ನಿನ್ನ ಥರಾನೇ ಕಾಣ್ತಾಳಾ, ನೋಡ್ಕೊಂಡು ಬಂದು ಹೇಳು," ಎಂದಳು. ಆಸ್ಪತ್ರೆಯ ಬಾಗಿಲು ಹಾಕುವ ಮೊದಲು ಹೋಗಬೇಕು. ಹೌದು ಅನ್ನಲೇ? ಇಲ್ಲ ಅನ್ನಲೇ? ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಹೇಳಿ ಕಳಿಸಿ.

ಕರೆದಿರಿ, ಕೂರಿಸಿದಿರಿ, ಸೀಟಿ ಹೊಡೆಯದೆ ಕೇಳಿದಿರಿ. ನಿಮಗೆಲ್ಲ ಕೃತಜ್ಞಳು. ನಮಸ್ಕಾರ.