ಹತ್ತೊಂಬತ್ತನೆಯ ಪ್ರಸ್ತಾವ ಮಂಡಿಸಿದವನು

ಅಧ್ಯಕ್ಷರ ಕುರ್ಚಿಯಲ್ಲಿರುವ ಹಾರ್ಲನ್ ಕ್ವಿಂಬಿಯವರೇ, ಊರಿನ ಆಡಳಿತ ಹೊತ್ತಿರುವ ಮೂವರು ಹಿರಿಯರೇ, ಒಳಗೆ ಊಟ ಆರಿಹೋಗುತ್ತಿದ್ದರೂ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ಕೆಲಸ ಕಿತ್ತುಕೊಂಡು ಸನ್ಮಾನ ಮಾಡುವ ಊರು ಇಡೀ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ನಮ್ಮದೊಂದೇ ಇರಬೇಕು. ಇಷ್ಟು ವರ್ಷ ನಾನು ಇಲ್ಲಿನ ಕಟ್ಟಡಗಳ ತಪಾಸಣಾಧಿಕಾರಿಯಾಗಿದ್ದೆ. ಹೋದ ಮಂಗಳವಾರದ ಊರಸಭೆಯಲ್ಲಿ ನೀವು ಕೈಯೆತ್ತಿ ಆ ಹುದ್ದೆಯನ್ನೇ ತೆಗೆದುಹಾಕಿದಿರಿ. ದುಃಖವಾಯಿತೇ ಎಂದು ಹಲವರು ಕೇಳಿದರು. ಇಲ್ಲ ಸ್ವಾಮಿ, ದಿನವಿಡೀ ಕಚ್ಚಿದ ಬೂಟು ಬಿಚ್ಚಿದಷ್ಟು ಹಾಯೆನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಿಯಮಾವಳಿ ಬರೆದವನು ನಾನೇ. ಶುರುವಿನಲ್ಲಿ ನಾಲ್ಕು ಪುಟವಿತ್ತು, ಕೊನೆಗೆ ನೂರಾ ಹನ್ನೊಂದಾಯಿತು. ಕೋಳಿಗೂಡಿನ ಎತ್ತರಕ್ಕೆ ನಿಯಮ, ಅಂಚೆಪೆಟ್ಟಿಗೆಯ ಬಣ್ಣಕ್ಕೆ ನಿಯಮ. ಯಾಕೆ? ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಹೊಗೆಗೂಡು ಗುಡಿಸದೆ ಬಿಟ್ಟಿದ್ದರಿಂದ ಮನೆ ಸುಟ್ಟುಹೋಯಿತು. ಹಿಮದಲ್ಲಿ ಬರಿಗಾಲಲ್ಲಿ ನಿಂತು ನೋಡಿದೆವು. ಇದನ್ನು ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಹೊಗೆಗೂಡಿಗೆ ನಿಯಮ ಬೇಕು, ಈಗಲೂ ಹೇಳುತ್ತೇನೆ. ಅದರ ಕಿಡಿ ಪಕ್ಕದ ಮನೆಗೂ ಹಾರುತ್ತದೆ. ಅಂಚೆಪೆಟ್ಟಿಗೆಯ ಬಣ್ಣ ಯಾರ ಮನೆಗೆ ಹಾರುತ್ತದೆ? ಈ ಪ್ರಶ್ನೆ ನನಗೆ ಹೊಳೆಯಲು ಬಹಳ ಕಾಲ ಬೇಕಾಯಿತು.

ನನ್ನ ಹೆಂಡತಿಯ ಅಕ್ಕ ಯೂನಿಸ್ ನಿಮಗೆಲ್ಲ ಗೊತ್ತು. ಪ್ರತಿ ಮಾರ್ಚಿನಲ್ಲಿ ಮೇಪಲ್ ಮರದ ಸಿಹಿ ರಸ ಕಾಯಿಸುವ ತನ್ನ ಕೊಟ್ಟಿಗೆಗೆ ಊರನ್ನೇ ಕರೆದು, ಬಿಸಿ ಪಾಕವನ್ನು ಹಿಮದ ಮೇಲೆ ಸುರಿದು ಮಿಠಾಯಿ ಮಾಡಿ, ಡೋನಟ್ ಜೊತೆಗೆ ಹುಳಿ ಸೌತೆಕಾಯಿ ಉಪ್ಪಿನಕಾಯಿ ಕೊಡುತ್ತಿದ್ದಳು. ಗಂಡ ತೀರಿಕೊಂಡ ಚಳಿಗಾಲ ಕಳೆದ ಮೇಲೂ ಒಲೆ ಹೊತ್ತಿಸಿದಳು. ಅವಳಿಗೆ ಉಳಿದಿದ್ದ ಸಂತೋಷ ಅದೊಂದೇ. ನಾನೇನು ಮಾಡಿದೆ? ನೋಟೀಸು ಕೊಟ್ಟೆ. ಹತ್ತು ಜನಕ್ಕಿಂತ ಹೆಚ್ಚು ಮಂದಿ ತಿನ್ನುವ ಜಾಗಕ್ಕೆ ಪಾತ್ರೆ ತೊಳೆಯಲು ಮೂರು ತೊಟ್ಟಿಯ ಸಿಂಕು ಬೇಕು, ಎರಡನೆಯ ಬಾಗಿಲು ಬೇಕು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

"ನನ್ನ ಕೊಟ್ಟಿಗೇಲಿ ನಾನು ನೆಂಟರಿಗೆ ತಿನ್ನೋಕೆ ಕೊಡೋದಕ್ಕೂ ನಿನ್ನ ಅಪ್ಪಣೆ ಬೇಕೇನೋ ವಾರನ್?" ಅಂದಳು.

"ನಿಯಮ ಎಲ್ರಿಗೂ ಒಂದೇ" ಅಂದೆ.

ಅವಳು ಒಲೆ ಆರಿಸಿದಳು. ನಾಲ್ಕು ವರ್ಷ ನನ್ನ ಜೊತೆ ಮಾತು ಬಿಟ್ಟಳು. ಹಬ್ಬಕ್ಕೆ ಅಕ್ಕನ ಮನೆಗೆ ನನ್ನ ಹೆಂಡತಿ ಒಬ್ಬಳೇ ಹೋಗುತ್ತಿದ್ದಳು, ನಾನು ಮನೆಯಲ್ಲಿ ಡಬ್ಬಿಯ ಸೂಪು ಕುಡಿಯುತ್ತಿದ್ದೆ.

ಈ ವರ್ಷ ನಿಮ್ಮಲ್ಲಿ ಇಪ್ಪತ್ತೈದು ಜನ ಸಹಿ ಹಾಕಿ ಹತ್ತೊಂಬತ್ತನೆಯ ಪ್ರಸ್ತಾವ ಕಳಿಸಿದಿರಿ. ಹುದ್ದೆ ಹೋಗಲಿ, ನಿಯಮಾವಳಿ ನಾಲ್ಕೇ ಪುಟಕ್ಕೆ ಇಳಿಯಲಿ, ಹೊಗೆಗೂಡುಗಳನ್ನು ಅಗ್ನಿಶಾಮಕದವರು ನೋಡಿಕೊಳ್ಳಲಿ ಎಂದು. ಮಂಗಳವಾರ ಸಭೆಯಲ್ಲಿ ಹಾರ್ಲನ್ ಎದ್ದು, "ಇದನ್ನ ಮಂಡಿಸೋರು ಯಾರಪ್ಪಾ?" ಅಂದರು. ಮತ್ತೆ ಕೇಳಿದರು. ಇಪ್ಪತ್ತೈದೂ ಜನ ನಿಮ್ಮ ನಿಮ್ಮ ಬೂಟು ನೋಡಿಕೊಂಡಿರಿ. ಹಿಮ ತಳ್ಳುವ ಗಾಡಿಯ ಟೈರಿಗಾಗಿ ಮುಕ್ಕಾಲು ಗಂಟೆ ಜಗಳವಾಡಿದವರು ನೀವೇ ತಾನೇ? ಆದರೆ ಇಲ್ಲಿ ನಾನು ಕುಳಿತಿದ್ದೆ, ಮತ್ತು ನಿಮ್ಮೆಲ್ಲರ ಹಿತ್ತಿಲಲ್ಲೂ ಅನುಮತಿಯಿಲ್ಲದ ಒಂದು ಶೆಡ್ಡಿತ್ತು. ಈ ಊರು ನನಗೆ ಹೆದರುತ್ತಿತ್ತು. ಅದು ತಿಳಿದಾಗ ನನಗೆ ನಾಚಿಕೆಯಾಯಿತು.

ಯಾರೂ ಮಂಡಿಸದಿದ್ದರೆ ಪ್ರಸ್ತಾವ ಬಿದ್ದುಹೋಗುತ್ತದೆ, ಯೂನಿಸಳ ಒಲೆ ಇನ್ನು ಹೊತ್ತುವುದಿಲ್ಲ. ನಾನೂ ಈ ಊರಿನ ಮತದಾರನೇ. ಎದ್ದು ನಿಂತೆ. "ನಾನು ಮಂಡಿಸ್ತೀನಿ" ಅಂದೆ.

"ಅನುಮೋದಿಸೋರು?" ಹಾರ್ಲನ್ ಕೇಳಿದರು.

ಹಿಂದಿನ ಸಾಲಿನಿಂದ ಯೂನಿಸಳ ದನಿ ಬಂತು: "ನಾನು." ನಾಲ್ಕು ವರ್ಷದಲ್ಲಿ ಅವಳು ನನ್ನ ಮಾತಿಗೆ ಕೊಟ್ಟ ಮೊದಲ ಉತ್ತರ ಅದು. ಆಮೇಲೆ ಎದ್ದ ಕೈಗಳನ್ನು ನೀವೇ ನೋಡಿದ್ದೀರಿ.

ನಿನ್ನೆ ಅವಳ ಕೊಟ್ಟಿಗೆಯಲ್ಲಿ ಹೊಗೆಯೆದ್ದಿತು. ನಾನು ಹೊಸ್ತಿಲಲ್ಲೇ ನಿಂತೆ. ಒಳಗೆ ಬೆಂಚುಗಳ ಮೇಲೆ ನೀವೆಲ್ಲ ಕೂತಿದ್ದಿರಿ. ಯೂನಿಸ್ ಸೌಟು ಕೆಳಗಿಡದೆ ಹೇಳಿದಳು: "ಯಾಕ್ರೋ ಸುಮ್ಮನಾದ್ರಿ? ಬಂದಿರೋದು ಅಧಿಕಾರಿಯಲ್ಲ, ನನ್ನ ತಂಗಿ ಗಂಡ. ಸರೀರಿ, ಕೂತ್ಕೊಳ್ಳಲಿ."

ನೀವು ಸರಿದಿರಿ, ನಾನು ಕೂತೆ. ಹಾಗೆ ಜಾಗ ಬಿಟ್ಟುಕೊಟ್ಟ ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.