ಅಳಿಸಿದ ಹೆಸರು

ಜಮಖಂಡಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕುಳಿತಿದ್ದ ಒಬ್ಬ ಹೆಣ್ಣುಮಗಳು ತನ್ನ ಚಿಗವ್ವನಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಮೊಬೈಲು ತೋರಿಸುತ್ತಿದ್ದಳು.

“ಹೆಣ್ಮಕ್ಕಳ ಕಷ್ಟದ ಬಗ್ಗೆ ಆನ್‌ಲೈನ್ ಸರ್ವೆ ಇತ್ತು. ಗಂಡ ಬಡಿಯೂದನ್ನ ಬರದ್ನಿ, ಚಿಗವ್ವ.”

“ಹೆಸರು, ನಂಬರ್ ಸೈತ ಕೊಟ್ಟಿಯೇನ, ಅಕ್ಷತಾ?”

“ಕೊಟ್ಟಿದ್ನಿ. ಆಮ್ಯಾಲ ಅಂವಗ ಗೊತ್ತಾದ್ರ ಏನ್ ಗತಿ ಅನಿಸ್ತು. ಅಳಸ್ರಿ ಅಂತ ಸರ್ವೆ ಮಾಡಿದವರಿಗೆ ಬರದ್ನಿ.”

“ಅಳಿಸಿದ್ರ?”

“ಮರುದಿನಾನ ಉತ್ತರ ಬಂತು. ಹೆಸರು, ನಂಬರ್ ಅಳಿಸ್ಯಾರಂತ, ಯಾರಿಗೂ ಕೊಟ್ಟಿಲ್ಲಂತ. ನಾ ಹೇಳಿದ್ದಷ್ಟ ಇಟ್ಕೊಂಡಾರ. ಅದು ಯಾರದು ಅಂತ ಅವರಿಗೂ ಗೊತ್ತಾಗೂದಿಲ್ಲ.”

“ಭಾಳ ಛಲೋ ಮಂದಿ. ನೀನೂ ಗಟ್ಟಿಗಿತ್ತಿ ಬಿಡವಾ, ಹೆದರದ ಕೇಳಿದಿ.”

ರಬಕವಿ ಬಸ್ಸು ಬಂತು. ಚಿಗವ್ವ ಸೆರಗು ಸರಿಮಾಡಿಕೊಂಡು ಏಳುತ್ತ ಸಣ್ಣ ದನಿಯಲ್ಲಿ ಕೇಳಿದಳು.

“ಆ ಸರ್ವೆ ಇನ್ನೂ ಐತೇನ? ನಿಮ್ಮ ಕಾಕಾನ ಸುದ್ದಿ ನಾ ಹೇಳ್ತೀನಿ, ನೀ ಬರಿ.”

ಇಬ್ಬರೂ ಬಸ್ ಹತ್ತಿದರು.