ಕೊಟ್ಟಿಗೆ ಬಾಗಿಲಲ್ಲಿ ನಿಂತವನು

ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಊದಿಸಿಕೊಂಡು ಕೂತಿದ್ದ ದರ್ಜಿಯಾಕೆಗೆ ಗೋಡೆಯ ಟಿವಿ ನೋಡಿ ಮತ್ತೆ ಕಣ್ಣು ತುಂಬಿತು. ರಿಯಾಲಿಟಿ ಶೋನ ನಿನ್ನೆಯ ಕಂತನ್ನೇ ಹಾಕಿದ್ದರು. ಹೊಸದಾಗಿ ಬೇಸಾಯಕ್ಕಿಳಿದ ಸಿನಿಮಾ ನಟ, ಹುಟ್ಟುವಾಗಲೇ ಸತ್ತ ಕರುವನ್ನು ಮಡಿಲಲ್ಲಿಟ್ಟುಕೊಂಡು ಬಿಕ್ಕುತ್ತಿದ್ದ.

"ಪಾಪ, ಎಂಥಾ ಮನಸ್ಸು ಅಲ್ವಾ?" ಎಂದಳು ಪಕ್ಕದ ಹೆಂಗಸಿಗೆ.

ಆ ಹೆಂಗಸು ಗಂಡನ ಕಡೆ ತಿರುಗಿದಳು.

"ಅವನ ಹಿಂದೆ, ಕೊಟ್ಟಿಗೆ ಬಾಗಿಲಲ್ಲಿ ಕೈಕಟ್ಟಿ ನಿಂತಿರೋದು ನೀವೇ ತಾನೇ?"

"ಮೆಲ್ಲಗೆ ಮಾತಾಡೇ."

"ಹೊಟ್ಟೇಲಿ ಕರು ಮುಂಗಾಲು ಮಡಚ್ಕೊಂಡಿತ್ತು. ಬಿಡಿಸೋಕೆ ನಿಮಗೆಷ್ಟು ಹೊತ್ತು ಬೇಕು?"

"ಐದು ನಿಮಿಷ."

"ಮತ್ತೆ?"

"ಮೊದಲು ಸಾಹೇಬ್ರು ಪ್ರಯತ್ನ ಮಾಡ್ಲಿ, ನೀನು ಸುಮ್ನಿರು ಅಂದ್ರು ಟಿವಿಯವ್ರು. ಕ್ಯಾಮೆರಾ ಓಡ್ತಿತ್ತು."

"ಎಷ್ಟು ಹೊತ್ತು ಸುಮ್ನಿದ್ರಿ?"

ಗಂಡ ಟೋಪಿಯನ್ನು ಮಂಡಿಯ ಮೇಲಿಟ್ಟು ತಿರುಗಿಸುತ್ತಾ ಕೂತ.

"ಅರ್ಧ ಗಂಟೆ."

"ಊರ ಹಸುಗಳಿಗೆಲ್ಲ ಹೆರಿಗೆ ಮಾಡ್ಸಿದ ಕೈ ಅದು!"

"ಮಧ್ಯೆ ಬಾಯಿ ಹಾಕಿದ್ರೆ ಸಾಹೇಬ್ರ ತೋಟದ ಕೆಲ್ಸದಿಂದ ತೆಗೀತಿದ್ರು ಕಣೇ. ಬಿಡು, ನಾಡೆಲ್ಲ ಅವ್ರ ಜೊತೆ ಅತ್ತಾಯ್ತಲ್ಲ."

"ಅಳ್ಲಿ. ನಾನು ಹಸು ನೋಡ್ತಿದ್ದೆ."

ಒಳಗಿನಿಂದ ನರ್ಸ್ ಗಂಡನ ನಂಬರು ಕೂಗಿದಳು. ಅವನು ಬದುಕಿದೆನಪ್ಪಾ ಎಂಬಂತೆ ಎದ್ದ. ಹೆಂಡತಿ ಚೀಲವೆತ್ತಿಕೊಂಡು ಬೆನ್ನಿಗೇ ಹೊರಟಳು.

"ನೋವು ತಿನ್ನೋವಷ್ಟು ಹೊತ್ತೂ ಆ ಹಸು ನಟನ ಕಡೆ ಒಂದ್ಸಲಾನೂ ತಿರುಗ್ಲಿಲ್ಲ ರೀ. ಬಾಗಿಲ ಕಡೆನೇ ನೋಡ್ತಿತ್ತು."